ಬೀಜ ಮೊಳೆಯುವ ಬಗೆ: ಬಟ್ಟಲೋ, ಬಟ್ಟೆಯೋ, ಮಣ್ಣೋ?

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಹಿತ್ತಲಿನಲ್ಲಿ ಹತ್ತು ಹಾಗಲ ಬೀಜಗಳನ್ನು ಊರಿದೆವು. ಪೊಟ್ಟಣದಲ್ಲಿ ಮೂವತ್ತು ಬೀಜಗಳಿದ್ದವು. ಚಪ್ಪರಕ್ಕೆ ಸ್ಥಳ ಸಾಲದೆಂದು ಉಳಿದ ಇಪ್ಪತ್ತನ್ನು ಎತ್ತಿಟ್ಟೆವು. ಹದಿನೈದು ದಿನಗಳು ಕಳೆದವು. ಮಣ್ಣಿನಿಂದ ತಲೆಯೆತ್ತಿದ ಸಸಿಗಳು ಎರಡೇ ಎರಡು.

ಇಂತಹ ಸಂದರ್ಭದಲ್ಲಿ ಸಲಹೆಗಳಿಗೆ ಕೊರತೆಯಿರುವುದಿಲ್ಲ. ನೆರೆಮನೆಯ ಹಿರಿಯರೊಬ್ಬರು, “ರಾತ್ರಿಯೆಲ್ಲ ಬಟ್ಟಲಿನ ನೀರಿನಲ್ಲಿ ನೆನೆಹಾಕಿ ಊರಬೇಕಾಗಿತ್ತು” ಎಂದರು. ನಮ್ಮ ಅತ್ತೆಯವರು, “ಒದ್ದೆ ಬಟ್ಟೆಯಲ್ಲಿ ಗಂಟುಕಟ್ಟಿ ಒಲೆಯ ಪಕ್ಕದಲ್ಲಿ ಇಟ್ಟಿದ್ದರೆ ಒಂದೂ ಸುಳ್ಳಾಗುತ್ತಿರಲಿಲ್ಲ” ಎಂದರು. ಹಳ್ಳಿಯಿಂದ ಬಂದಿದ್ದ ರೈತಮಿತ್ರರು ಇಬ್ಬರ ಮಾತಿಗೂ ನಕ್ಕು, ಬೀಜಕ್ಕೆ ಮಣ್ಣಿಗಿಂತ ಒಳ್ಳೆಯ ತೊಟ್ಟಿಲು ಇಲ್ಲವೆಂದರು. ಸಸ್ಯವಿಜ್ಞಾನದ ಅಧ್ಯಾಪಕ ಮಿತ್ರರು ಬೀಜದ ಸಿಪ್ಪೆಯ ಅಂಚನ್ನು ಉಗುರುಕತ್ತರಿಯಿಂದ ತುಸು ಚಿವುಟಬೇಕಾಗಿತ್ತೆಂದರು. ಐದನೆಯವರೊಬ್ಬರು, “ಬೀಜವೇ ಸತ್ತದ್ದು, ಅಂಗಡಿಯವನನ್ನು ಕೇಳಿ” ಎಂದು ತೀರ್ಪು ಕೊಟ್ಟರು.

ಐವರೂ ಅನುಭವಸ್ಥರೇ. ಆದರೆ ಐವರ ಮಾತೂ ಏಕಕಾಲದಲ್ಲಿ ನಿಜವಾಗುವುದು ಹೇಗೆ? ನಾವು ಮೊಳೆಯದ ಎಂಟು ಬೀಜಗಳನ್ನು ಮಣ್ಣಿನಿಂದ ಅಗೆದು ತೆಗೆದೆವು. ಎಂಟೂ ಚೆನ್ನಾಗಿ ಉಬ್ಬಿದ್ದವು; ಅದುಮಿದರೆ ಮೆತ್ತಗೆ ಒಡೆದು ದುರ್ವಾಸನೆ ಬೀರುತ್ತಿದ್ದವು. ನೀರನ್ನು ಕುಡಿದ ಬೀಜವು ಮೊಳೆಯಲಿಲ್ಲವೇಕೆ? ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಪ್ರಶ್ನೆಯು ಬಿಡದೆ ಕಾಡಿತು. ಹಿತ್ತಲಿನಲ್ಲಿ ಎಂಟು ಬೀಜಗಳು ನಷ್ಟವಾದರೆ ಅಂಗಡಿಯಿಂದ ತರಕಾರಿ ತಂದರಾಯಿತು. ಒಂದು ಎಕರೆಗೆ ಬಿತ್ತಿದ ರೈತನಿಗೆ ಇದೇ ಸಂಗತಿ ಒದಗಿದರೆ ಮಳೆಯು ಅವನಿಗಾಗಿ ಮತ್ತೊಮ್ಮೆ ಬರುವುದಿಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ಕೂಲಂಕಷವಾಗಿ ನೋಡುವುದು ಉಚಿತವೆಂದು ತೋರುತ್ತದೆ.

ಉಬ್ಬುವುದು ಬೇರೆ, ಮೊಳೆಯುವುದು ಬೇರೆ

ಚೆನ್ನಾಗಿ ಒಣಗಿಸಿದ ಬೀಜದಲ್ಲಿ ನೀರಿನ ಅಂಶವು ನೂರಕ್ಕೆ ಸುಮಾರು ೮ರಿಂದ ೧೨ ಭಾಗ ಮಾತ್ರ ಇರುತ್ತದೆ. ಅದರೊಳಗಿನ ಪಿಷ್ಟ, ಸಸಾರಜನಕ ಮುಂತಾದ ವಸ್ತುಗಳು ನೀರಿಗಾಗಿ ಹಾತೊರೆಯುತ್ತಿರುತ್ತವೆ. ಅವು ನೀರನ್ನು ಸೆಳೆಯುವ ಬಲವು ವಾತಾವರಣದ ಒತ್ತಡದ ನೂರಾರು ಪಟ್ಟು ಇರಬಲ್ಲದು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯು ೧೭೨೭ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದಕ್ಕೊಂದು ಸೊಗಸಾದ ಪ್ರಯೋಗವನ್ನು ವರ್ಣಿಸಿದ್ದಾನೆ. ಆತನು ಕಬ್ಬಿಣದ ಪಾತ್ರೆಯಲ್ಲಿ ಬಟಾಣಿಯನ್ನು ತುಂಬಿ ನೀರೆರೆದು, ಮುಚ್ಚಳದ ಮೇಲೆ ಭಾರವನ್ನು ಹೇರಿದನು. ಉಬ್ಬಿದ ಕಾಳುಗಳು ೧೮೪ ಪೌಂಡು, ಎಂದರೆ ಸುಮಾರು ೮೩ ಕಿಲೋಗ್ರಾಂ ತೂಕವನ್ನು ಎತ್ತಿಬಿಟ್ಟವು!

ಇಲ್ಲಿ ಗಮನಿಸಬೇಕಾದ ಒಂದು ಮುಖ್ಯ ಸಂಗತಿಯಿದೆ. ಹೀಗೆ ನೀರನ್ನು ಹೀರಿ ಉಬ್ಬುವುದಕ್ಕೆ ಬೀಜಕ್ಕೆ ಜೀವವಿರಬೇಕಾಗಿಲ್ಲ. ಒಣಗಿದ ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುವುದಿಲ್ಲವೆ? ಸತ್ತ ಬೀಜವೂ ಜೀವಂತ ಬೀಜದಂತೆಯೇ ಉಬ್ಬುತ್ತದೆ. ಬಟ್ಟಲಿನಲ್ಲಿ ಊದಿಕೊಂಡ ಕಾಳನ್ನು ಕಂಡು “ಬೀಜ ಚೆನ್ನಾಗಿದೆ” ಎಂದು ಹಿಗ್ಗುವುದು ಅವಸರದ ತೀರ್ಮಾನ.

ಜೀವದ ಕೆಲಸವು ಆರಂಭವಾಗುವುದು ಇದರ ಅನಂತರ. ನೀರು ಸೇರಿದೊಡನೆ ಬೀಜದೊಳಗಿನ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮೊಳಕೆ ಬಂದ ರಾಗಿಯ ಹಿಟ್ಟು ತುಸು ಸಿಹಿಯಾಗಿರುವುದು ಈ ಕಾರಣದಿಂದಲೇ. ಈ ಹಂತದಲ್ಲಿ ಬೀಜವು ಹೊರನೋಟಕ್ಕೆ ಸುಮ್ಮನಿರುವಂತೆ ಕಾಣುತ್ತದೆ. ನೀರನ್ನೂ ಹೆಚ್ಚಾಗಿ ಕುಡಿಯುವುದಿಲ್ಲ. ಆದರೆ ಒಳಗೆ ಉಸಿರಾಟವು ಭರದಿಂದ ಸಾಗಿರುತ್ತದೆ. ಕೊನೆಗೆ ಸಿಪ್ಪೆಯನ್ನು ಸೀಳಿಕೊಂಡು ಮೂಲಾಂಕುರವು, ಅಂದರೆ ಮೊದಲ ಬೇರಿನ ಮೊನೆಯು, ಹೊರಕ್ಕೆ ಇಣುಕುತ್ತದೆ. ಆಗ ಮಾತ್ರ ಬೀಜವು ಮೊಳೆಯಿತೆಂದು ಹೇಳಬಹುದು.

ನಮ್ಮ ಎಂಟು ಬೀಜಗಳು ಮೊದಲನೆಯ ಹಂತವನ್ನು ದಾಟಿದ್ದವು. ಮುಂದಿನದಕ್ಕೆ ಅವುಗಳಲ್ಲಿ ಜೀವವೇ ಇರಲಿಲ್ಲವೋ, ಇದ್ದ ಜೀವವನ್ನು ನಾವೇ ಕಳೆದೆವೋ, ಎಂಬುದು ತಿಳಿಯಬೇಕಾಗಿತ್ತು.

ನೀರು ಮತ್ತು ಗಾಳಿಯ ವ್ಯಾಜ್ಯ

ಮೊಳೆಯಲು ಬೀಜಕ್ಕೆ ನೀರು, ಗಾಳಿ, ಬೆಚ್ಚನೆಯ ಹದ ಈ ಮೂರೂ ಬೇಕೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಮೊದಲ ಎರಡಕ್ಕೆ ಒಂದಕ್ಕೊಂದು ವ್ಯಾಜ್ಯವಿದೆಯೆಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಉಸಿರಾಡುವ ಬೀಜಕ್ಕೆ ಆಮ್ಲಜನಕ ಬೇಕು. ಒಂದು ಲೀಟರು ಗಾಳಿಯಲ್ಲಿ ಸುಮಾರು ೨೭೦ ಮಿಲಿಗ್ರಾಂ ಆಮ್ಲಜನಕವಿರುತ್ತದೆ. ೨೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಒಂದು ಲೀಟರು ನೀರಿನಲ್ಲಿ ಕರಗಿರುವುದಾದರೋ ಸುಮಾರು ೮ ಮಿಲಿಗ್ರಾಂ ಮಾತ್ರ. ಮೂವತ್ತರಲ್ಲಿ ಒಂದು ಪಾಲಿನಷ್ಟು.

ಅದಕ್ಕಿಂತಲೂ ಮುಖ್ಯವಾದುದು ಅದು ಚಲಿಸುವ ವೇಗ. ನಿಂತ ನೀರಿನಲ್ಲಿ ಆಮ್ಲಜನಕದ ಅಣುಗಳು ವಿಸರಣದಿಂದ, ಅಂದರೆ ಒಂದನ್ನೊಂದು ತಾಕಾಡುತ್ತ ದಿಕ್ಕುಗೆಟ್ಟು ಅಲೆಯುವುದರಿಂದ, ಮುಂದುವರಿಯಬೇಕು. ಗಾಳಿಯಲ್ಲಿ ನಡೆಯುವುದಕ್ಕಿಂತ ನೀರಿನಲ್ಲಿ ಈ ವಿಸರಣವು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ದೂರವು ಹತ್ತು ಪಟ್ಟಾದರೆ ತಗಲುವ ಕಾಲವು ನೂರು ಪಟ್ಟಾಗುವುದೆಂಬುದು ವಿಸರಣದ ನಿಯಮ. ಲೆಕ್ಕ ಹಾಕಿದರೆ, ಒಂದು ಮಿಲಿಮೀಟರು ದಪ್ಪದ ನೀರಿನ ಪೊರೆಯನ್ನು ದಾಟಲು ಆಮ್ಲಜನಕಕ್ಕೆ ನಾಲ್ಕೈದು ನಿಮಿಷಗಳು ಸಾಕು. ಒಂದು ಸೆಂಟಿಮೀಟರು ನಿಂತ ನೀರನ್ನು ದಾಟಲು ಸುಮಾರು ಏಳು ಗಂಟೆಗಳು ಬೇಕು. ಅಷ್ಟೇ ಅಗಲದ ಗಾಳಿಯನ್ನು ದಾಟಲು ಎರಡು ಮೂರು ಸೆಕೆಂಡುಗಳು!

ಬೀಜ ಮೊಳೆಯಿಸುವ ವಿಧಾನಗಳ ಮರ್ಮವೆಲ್ಲವೂ ಈ ಮೂರು ಅಂಕಿಗಳಲ್ಲಿ ಅಡಗಿದೆಯೆನ್ನಬಹುದು. ಬೀಜದ ಸುತ್ತ ತೆಳುವಾದ ನೀರಿನ ಪೊರೆಯಿರಬೇಕು, ಅದರಾಚೆಗೆ ಗಾಳಿಯಿರಬೇಕು. ಪೊರೆ ಹರಿದರೆ ಬೀಜ ಒಣಗುತ್ತದೆ. ಪೊರೆಯು ಕೊಳವಾದರೆ ಬೀಜ ಉಸಿರುಕಟ್ಟಿ ಮುಳುಗುತ್ತದೆ. ಆಮ್ಲಜನಕ ದೊರೆಯದ ಬೀಜವು ಹುದುಗುವ ಮಾರ್ಗವನ್ನು ಹಿಡಿದು ಮದ್ಯಸಾರವನ್ನು ಉತ್ಪಾದಿಸುತ್ತದೆ. ಹೆಚ್ಚು ಹೊತ್ತು ನೀರಿನಲ್ಲೇ ಬಿಟ್ಟ ಕಾಳಿನಿಂದ ಗುಳ್ಳೆಗಳೆದ್ದು ಹುಳಿವಾಸನೆ ಬರುವುದನ್ನು ಗೃಹಿಣಿಯರೆಲ್ಲರೂ ಕಂಡಿರುತ್ತಾರೆ.

ನಾಲ್ಕು ವಿಧಾನಗಳು

ಈ ಒರೆಗಲ್ಲನ್ನು ಹಿಡಿದು ಮನೆಯಲ್ಲಿ ಬಳಸುವ ವಿಧಾನಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು ಬಟ್ಟಲಿನ ನೀರಿನಲ್ಲಿ ನೆನೆಹಾಕುವುದು. ಇದು ವಾಸ್ತವವಾಗಿ ಮೊಳೆಯಿಸುವ ವಿಧಾನವಲ್ಲ. ಬೀಜಕ್ಕೆ ನೀರುಣಿಸುವ ವಿಧಾನ. ಹಾಗಲ, ಹೀರೆ, ಬೆಂಡೆ ಮುಂತಾದ ದಪ್ಪ ಸಿಪ್ಪೆಯ ಬೀಜಗಳು ಮಣ್ಣಿನಲ್ಲಿ ಹಲವು ದಿನಗಳಲ್ಲಿ ಕುಡಿಯುವ ನೀರನ್ನು ಇಲ್ಲಿ ಒಂದು ರಾತ್ರಿಯಲ್ಲಿ ಕುಡಿಯುತ್ತವೆ. ಎಂಟು ಹತ್ತು ಗಂಟೆಗಳಲ್ಲಿ ಆ ಕೆಲಸ ಮುಗಿಯುತ್ತದೆ. ಆಮೇಲೂ ನೀರಿನಲ್ಲೇ ಬಿಟ್ಟರೆ ಉಪಕಾರವು ಅಪಕಾರವಾಗಿ ಪರಿಣಮಿಸುತ್ತದೆ. ಹುರುಳಿಕಾಯಿ, ಸೋಯಾ, ಬಟಾಣಿ ಇವುಗಳ ಒಣಬೀಜವನ್ನು ಒಮ್ಮೆಲೇ ನೀರಿನಲ್ಲಿ, ಅದರಲ್ಲಿಯೂ ತಣ್ಣೀರಿನಲ್ಲಿ, ಮುಳುಗಿಸುವುದು ಕೆಲವೊಮ್ಮೆ ಹಾನಿಕರ. ನೀರು ರಭಸದಿಂದ ನುಗ್ಗಿದಾಗ ಬೀಜದಳಗಳ ಜೀವಕೋಶಗಳು ಹರಿದು ಒಳಗಿನ ಸತ್ವವು ಸೋರಿಹೋಗುತ್ತದೆ. ಇಂತಹ ಬೀಜಗಳಿಗೆ ತೇವದ ಮರಳಿನ ನಿಧಾನದ ನೀರೇ ಲೇಸು.

ಎರಡನೆಯದು ಒದ್ದೆ ಬಟ್ಟೆಯ ಗಂಟು. ಹೆಸರುಕಾಳನ್ನು ಮೊಳಕೆಗೆ ಕಟ್ಟುವುದರಲ್ಲಿ ನಮ್ಮ ಅಡುಗೆಮನೆಗಳು ತಲೆತಲಾಂತರದಿಂದ ಪಳಗಿವೆ. ಹಿಂಡಿದ ಬಟ್ಟೆಯ ಎಳೆಗಳ ನಡುವೆ ಗಾಳಿ, ಎಳೆಗಳ ಮೇಲೆ ನೀರು; ನಾವು ಬಯಸುವ ತೆಳುವಾದ ಪೊರೆಯು ತಾನಾಗಿಯೇ ಏರ್ಪಡುತ್ತದೆ. ಬಟ್ಟೆಯ ಬದಲು ಎರಡು ಪದರ ಕಾಗದದ ನಡುವೆ ಬೀಜಗಳನ್ನು ಸಾಲಾಗಿ ಇಟ್ಟು ಸುತ್ತಿ ನಿಲ್ಲಿಸುವುದೂ ಇದೇ ಜಾತಿಯದು. ಬೀಜ ಪರೀಕ್ಷಾಲಯಗಳಲ್ಲಿ ಬಳಕೆಯಲ್ಲಿರುವುದು ಈ ಕಾಗದದ ಸುರುಳಿಯೇ. ನಿತ್ಯವೂ ಬಿಚ್ಚಿ ನೋಡಬಹುದೆಂಬುದು ಇದರ ದೊಡ್ಡ ಅನುಕೂಲ. ತೊಡಕೂ ಉಂಟು. ಬೇರು ಉದ್ದವಾದರೆ ಅದರ ಸೂಕ್ಷ್ಮ ರೋಮಗಳು ಎಳೆಗಳಲ್ಲಿ ಸಿಲುಕಿ, ಬಿಡಿಸುವಾಗ ಮೊನೆಯು ಮುರಿಯುತ್ತದೆ. ಆದಕಾರಣ ಬೇರು ಅರ್ಧ ಸೆಂಟಿಮೀಟರಿನಷ್ಟು ಇಣುಕಿದೊಡನೆಯೇ ಬೀಜವನ್ನು ಮಣ್ಣಿಗೆ ಸಾಗಿಸಬೇಕು.

ಆಗ ಬೇರನ್ನು ಕೆಳಮುಖವಾಗಿಯೇ ಇಡಬೇಕೆ ಎಂದು ಹಲವರು ಕೇಳುತ್ತಾರೆ. ಹಾಗಿಟ್ಟರೆ ಒಳ್ಳೆಯದು, ಇಡದಿದ್ದರೂ ಚಿಂತೆಯಿಲ್ಲ. ೧೮೦೬ರಲ್ಲಿ ಥಾಮಸ್ ಆಂಡ್ರ್ಯೂ ನೈಟ್ ಎಂಬಾತನು ನೀರಿನಿಂದ ತಿರುಗುವ ಚಕ್ರದ ಅಂಚಿಗೆ ಬೀಜಗಳನ್ನು ಕಟ್ಟಿ ಮೊಳೆಯಿಸಿದನು. ಬೇರುಗಳೆಲ್ಲವೂ ಚಕ್ರದ ಹೊರದಿಕ್ಕಿಗೆ, ಕುಡಿಗಳೆಲ್ಲವೂ ನಡುವಿನತ್ತ ಬೆಳೆದವು. ಗುರುತ್ವದ ಎಳೆತವನ್ನು ಬೇರು ತಾನೇ ಗುರುತಿಸಿ ತಿರುಗಿಕೊಳ್ಳುವುದೆಂಬುದು ಇದರಿಂದ ಸ್ಪಷ್ಟವಾಯಿತು.

ಮೂರನೆಯದು ನೇರವಾಗಿ ಮಣ್ಣಿನಲ್ಲಿ ಊರುವುದು. ಹದವಾದ ಮಣ್ಣಿನ ಕಣಗಳ ಮೇಲೆ ನೀರಿನ ಪೊರೆ, ಕಣಗಳ ಸಂದಿಯಲ್ಲಿ ಗಾಳಿ. ಆದುದರಿಂದ ಒಳ್ಳೆಯ ಮಣ್ಣು ಒದ್ದೆ ಬಟ್ಟೆಗೆ ಯಾವ ವಿಧದಲ್ಲೂ ಕಡಮೆಯಲ್ಲ. ಎಳೆಯ ಬೇರನ್ನು ಸ್ಥಳಾಂತರಿಸುವ ಅಪಾಯವೂ ಇಲ್ಲಿಲ್ಲ. ಆದರೆ ತುಳಿದು ಗಟ್ಟಿಯಾದ ಜೇಡಿಮಣ್ಣಿಗೆ ದಿನಕ್ಕೆರಡು ಬಾರಿ ನೀರು ಹೊಯ್ದರೆ ಸಂದಿಗಳೆಲ್ಲ ನೀರಿನಿಂದ ತುಂಬಿ, ನೆಲವು ಆಳವಾದ ಬಟ್ಟಲೇ ಆಗಿಬಿಡುತ್ತದೆ. ಮಣ್ಣಿಗೆ ಮರಳನ್ನೋ, ತೆಂಗಿನ ನಾರಿನ ಪುಡಿಯನ್ನೋ ಬೆರೆಸುವುದರ ಉದ್ದೇಶವು ಗಾಳಿಗೆ ದಾರಿಮಾಡುವುದೇ ಆಗಿದೆ.

ನಾಲ್ಕನೆಯದು ಸಿಪ್ಪೆಯನ್ನು ಚಿವುಟುವುದು ಅಥವಾ ಉಜ್ಜುವುದು. ಕೆಲವು ಬೀಜಗಳ ಸಿಪ್ಪೆಯು ನೀರನ್ನು ಒಳಕ್ಕೆ ಬಿಡುವುದೇ ಇಲ್ಲ. ಹೆಸರುಕಾಳನ್ನು ನೆನೆಹಾಕಿದಾಗ ಅಲ್ಲೊಂದು ಇಲ್ಲೊಂದು ಕಾಳು ಕಲ್ಲಿನಂತೆಯೇ ಉಳಿದು ಹಲ್ಲಿಗೆ ಸಿಕ್ಕುವುದಿಲ್ಲವೆ? ಅವು ಸತ್ತ ಕಾಳುಗಳಲ್ಲ. ನೀರು ಕಾಣದ ಕಾಳುಗಳು. ಅಂತಹ ಸಿಪ್ಪೆಯನ್ನು ಒಂದೆಡೆ ತುಸು ಉಜ್ಜಿದರೆ ಸಾಕು, ನೀರು ಒಳಹೊಗುತ್ತದೆ. ಹಾಗಲಕ್ಕೂ ಅಂಚನ್ನು ಚಿವುಟುವುದರಿಂದ ಸಹಾಯವಾದೀತು. ಆದರೆ ಕತ್ತರಿಯು ಒಳಗಿನ ಭ್ರೂಣಕ್ಕೆ ತಾಗಿದರೆ ಎಲ್ಲವೂ ಮುಗಿಯಿತು. ಕೊತ್ತಂಬರಿಯನ್ನು ಉಜ್ಜಿ ಹೋಳುಮಾಡಿ ಬಿತ್ತುವ ರೂಢಿಯಾದರೋ ಬೇರೊಂದು ಬಗೆಯದು: ನಾವು ಒಂದು ಬೀಜವೆನ್ನುವ ಕೊತ್ತಂಬರಿ ಕಾಳು ಎರಡು ಬೀಜಗಳನ್ನು ಒಳಗೊಂಡ ಕಾಯಿ.

ಭತ್ತದ ಪಾಠ

ನೀರು ಮತ್ತು ಗಾಳಿಯ ಸರದಿಯನ್ನು ಅರಿತು ನಡೆಸುವುದಕ್ಕೆ ನಮ್ಮ ಮಲೆನಾಡು, ಕರಾವಳಿಗಳ ರೈತರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಬಿತ್ತನೆಯ ಭತ್ತವನ್ನು ಗೋಣಿಚೀಲದಲ್ಲಿ ಕಟ್ಟಿ ಒಂದು ದಿನ ನೀರಿನಲ್ಲಿ ಮುಳುಗಿಸುತ್ತಾರೆ. ಆಮೇಲೆ ಮೇಲೆತ್ತಿ, ನೀರನ್ನು ಬಸಿದು, ಹುಲ್ಲಿನಿಂದ ಮುಚ್ಚಿ ಮೇಲೆ ಭಾರವನ್ನಿಡುತ್ತಾರೆ. ಒಂದೆರಡು ದಿನಗಳಲ್ಲಿ ಮೊಳಕೆ ಬರುತ್ತದೆ. ಮೊದಲು ನೀರು, ಅನಂತರ ಗಾಳಿ. ಉಸಿರಾಡುವ ಕಾಳುಗಳ ರಾಶಿಯು ತಾನೇ ಬಿಸಿಯಾಗುವುದರಿಂದ ಬೆಚ್ಚನೆಯ ಹದವೂ ಅದರೊಳಗೇ ಒದಗುತ್ತದೆ. ರಾಶಿಯು ಅತಿಯಾಗಿ ಕಾಯದಂತೆ ನಡುನಡುವೆ ನೀರು ಚಿಮುಕಿಸುವುದನ್ನೂ ಅವರು ಮರೆಯುವುದಿಲ್ಲ.

ಭತ್ತವು ಇನ್ನೊಂದು ವಿಶೇಷವನ್ನೂ ತೋರಿಸುತ್ತದೆ. ಆಮ್ಲಜನಕವಿಲ್ಲದ ನೀರಿನಡಿಯಲ್ಲಿಯೂ ಮೊಳೆಯಬಲ್ಲ ಕೆಲವೇ ಬೀಜಗಳಲ್ಲಿ ಇದೊಂದು. ಆದರೆ ಅಲ್ಲಿ ಅದು ಬೇರನ್ನು ಬಿಡುವುದಿಲ್ಲ. ಮೊದಲಿಗೆ ಕುಡಿಯ ಹೊದಿಕೆಯನ್ನೇ ಕೊಳವೆಯಂತೆ ಉದ್ದವಾಗಿ ಚಾಚಿ, ನೀರಿನ ಮೇಲಿನ ಗಾಳಿಯನ್ನು ಅರಸುತ್ತದೆ. ಗಾಳಿ ದೊರೆತ ಮೇಲೆಯೇ ಬೇರು. ಕೆಸರಿನಲ್ಲಿ ಬಾಳುವ ಭತ್ತಕ್ಕೆ ಈ ವಿದ್ಯೆ ತಿಳಿದಿದೆ, ಹಾಗಲಕ್ಕೆ ತಿಳಿದಿಲ್ಲ.

ಬಟ್ಟೆಯ ತಂಪು, ಒಲೆಯ ಬಿಸಿ

ಮೂರನೆಯ ಅವಶ್ಯಕತೆಯಾದ ಉಷ್ಣತೆಯು ಮೊಳೆಯುವ ವೇಗವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಟೊಮ್ಯಾಟೊ ಬೀಜವು ೨೫ ಡಿಗ್ರಿಯಲ್ಲಿ ಸುಮಾರು ೬ ದಿನಗಳಲ್ಲಿ ಮೇಲೇಳುತ್ತದೆ; ೧೫ ಡಿಗ್ರಿಯಲ್ಲಿ ಅದಕ್ಕೆ ಸುಮಾರು ೧೪ ದಿನಗಳು ಬೇಕು. ಮೆಣಸಿನಕಾಯಿಯ ಜಾತಿಯು ೨೫ ಡಿಗ್ರಿಯಲ್ಲಿ ೮ ದಿನಗಳನ್ನೂ, ೧೫ ಡಿಗ್ರಿಯಲ್ಲಿ ೨೫ ದಿನಗಳನ್ನೂ ತೆಗೆದುಕೊಳ್ಳುತ್ತದೆ. ಹಾಗಲ, ಸೋರೆ, ಕುಂಬಳಗಳು ಇನ್ನೂ ಹೆಚ್ಚು ಬಿಸಿಯನ್ನು ಬಯಸುವಂಥವು. ತಡವಾದಷ್ಟೂ ಬೂಷ್ಟು ಮತ್ತು ಕೊಳೆಯುವಿಕೆಗೆ ಅವಕಾಶ ಹೆಚ್ಚು.

ಇಲ್ಲಿ ಒದ್ದೆ ಬಟ್ಟೆಯು ನಮ್ಮನ್ನು ವಂಚಿಸುವ ಸಂಭವವುಂಟು. ನೀರು ಆವಿಯಾಗುವಾಗ ತನ್ನ ಸುತ್ತಣ ಶಾಖವನ್ನು ಹೀರಿಕೊಳ್ಳುವುದಷ್ಟೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವ ಕಾರಣವೂ ಇದೇ. ಕೋಣೆಯ ಗಾಳಿಯು ೩೦ ಡಿಗ್ರಿಯಿದ್ದು, ಅದರ ಸಾಪೇಕ್ಷ ತೇವವು ನೂರಕ್ಕೆ ೪೦ ಇದ್ದರೆ, ಗಾಳಿಯಾಡುವೆಡೆ ತೂಗುಹಾಕಿದ ಒದ್ದೆ ಬಟ್ಟೆಯು ೨೦ ಡಿಗ್ರಿಯವರೆಗೂ ತಣಿಯಬಲ್ಲದು. ಅದೇ ಗಂಟನ್ನು ಮುಚ್ಚಳವಿರುವ ಪಾತ್ರೆಯಲ್ಲಿ ಇಟ್ಟರೆ ಒಳಗಿನ ಗಾಳಿಯು ತೇವದಿಂದ ತುಂಬಿ, ಆವಿಯಾಗುವುದು ನಿಂತು, ಬಟ್ಟೆಯು ಕೋಣೆಯಷ್ಟೇ ಬೆಚ್ಚಗಿರುತ್ತದೆ. ನಮ್ಮ ಅತ್ತೆಯವರು ಹೇಳಿದ “ಒಲೆಯ ಪಕ್ಕ” ಎಂಬ ಮಾತಿನ ತಿರುಳೂ ಇದೇ. ಪಾತ್ರೆಯನ್ನು ದಿನಕ್ಕೊಮ್ಮೆ ತೆರೆದರೆ ಗಾಳಿಯ ಅವಶ್ಯಕತೆಯೂ ಪೂರೈಸುತ್ತದೆ.

ಕೆಲವು ಸಣ್ಣ ಬೀಜಗಳಿಗೆ ಬೆಳಕೂ ಬೇಕು. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ೧೯೫೨ರಲ್ಲಿ ಲೆಟ್ಯೂಸ್ ಸೊಪ್ಪಿನ ಬೀಜಗಳ ಮೇಲೆ ನಡೆಸಿದ ಪ್ರಯೋಗವು ಪ್ರಸಿದ್ಧವಾದುದು. ಕೆಂಪು ಬೆಳಕು ಬಿದ್ದರೆ ಬೀಜವು ಮೊಳೆಯಲು ಸಿದ್ಧವಾಗುತ್ತದೆ. ಅನಂತರ ಕೆಂಪಿನಾಚೆಯ ಅತಿಕೆಂಪು ಬೆಳಕು ಬಿದ್ದರೆ ಮತ್ತೆ ನಿದ್ರೆಗೆ ಜಾರುತ್ತದೆ. ಎಷ್ಟು ಬಾರಿ ಬದಲಾಯಿಸಿದರೂ ಕೊನೆಗೆ ಬಿದ್ದ ಬೆಳಕಿನ ಮಾತೇ ನಡೆಯುತ್ತದೆ. ಆದುದರಿಂದಲೇ ಪುಡಿಯಂತಹ ಬೀಜಗಳನ್ನು ಮಣ್ಣಿನ ಮೇಲೆಯೇ ಉದುರಿಸಿ ತೆಳ್ಳಗೆ ಮುಚ್ಚುವುದು ವಿವೇಕ. ದೊಡ್ಡ ಬೀಜಗಳನ್ನು ಅವುಗಳ ದಪ್ಪದ ಎರಡು ಮೂರರಷ್ಟು ಆಳಕ್ಕೆ ಊರುವುದು ಸಾಮಾನ್ಯ ನಿಯಮ.

ಎಣಿಕೆಯಿಲ್ಲದೆ ಹೋಲಿಕೆಯಿಲ್ಲ

ಇಷ್ಟೆಲ್ಲ ತಿಳಿದ ಮೇಲೆಯೂ ಯಾವ ವಿಧಾನವು ಮೇಲೆಂಬುದನ್ನು ತೀರ್ಮಾನಿಸಲು ಪ್ರಯೋಗವೊಂದೇ ದಾರಿ. ಆದರೆ ಪ್ರಯೋಗದಲ್ಲಿ ಮೋಸಹೋಗುವುದು ಬಲು ಸುಲಭ. “ಬಟ್ಟೆಯಲ್ಲಿ ಹತ್ತಕ್ಕೆ ಎಂಟು ಬಂದವು, ಮಣ್ಣಿನಲ್ಲಿ ಆರೇ ಬಂದವು, ಬಟ್ಟೆಯೇ ಮೇಲು” ಎಂದು ಯಾರಾದರೂ ಹೇಳಿದರೆ ನಾವು ಒಪ್ಪಬೇಕೆ?

ಒಂದು ರಾಶಿಯ ಬೀಜಗಳಲ್ಲಿ ನೂರಕ್ಕೆ ೭೦ ಮೊಳೆಯತಕ್ಕವೆಂದು ಇಟ್ಟುಕೊಳ್ಳೋಣ. ಅದರಿಂದ ಹತ್ತು ಹತ್ತು ಬೀಜಗಳ ಎರಡು ತಂಡಗಳನ್ನು ತೆಗೆದು, ಏನೊಂದೂ ಭೇದವಿಲ್ಲದೆ ಒಂದೇ ರೀತಿಯಲ್ಲಿ ಮೊಳೆಯಿಸೋಣ. ಆಗಲೂ ಎರಡು ತಂಡಗಳ ಎಣಿಕೆಯಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಬರುವ ಸಂಭವವು ನೂರಕ್ಕೆ ಸುಮಾರು ೪೬! ಎಂದರೆ, ಎಂಟು ಮತ್ತು ಆರರ ನಡುವಣ ಅಂತರವು ವಿಧಾನದ ಗುಣವಾಗಿರಬಹುದು, ನಾಣ್ಯ ಚಿಮ್ಮಿದಂತೆ ಕೇವಲ ಆಕಸ್ಮಿಕವೂ ಆಗಿರಬಹುದು. ನೂರು ಬೀಜಗಳನ್ನು ತೆಗೆದುಕೊಂಡರೆ ಎಣಿಕೆಯು ಸಾಮಾನ್ಯವಾಗಿ ೬೧ರಿಂದ ೭೯ರೊಳಗೆ ನಿಲ್ಲುತ್ತದೆ. ನಾನೂರು ತೆಗೆದುಕೊಂಡರೆ ತಪ್ಪು ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ಬೀಜ ಪರೀಕ್ಷಾಲಯಗಳಲ್ಲಿ ನೂರರಂತೆ ನಾಲ್ಕು ತಂಡಗಳನ್ನು ಎಣಿಸುವ ನಿಯಮದ ಹಿಂದಿರುವುದು ಈ ಲೆಕ್ಕವೇ. ಇಂತಹ ಪರೀಕ್ಷೆಯ ಮೊದಲ ಕೇಂದ್ರವನ್ನು ಫ್ರೀಡ್ರಿಕ್ ನೋಬೆ ಎಂಬಾತನು ಜರ್ಮನಿಯ ಥಾರಂಟ್ ಎಂಬಲ್ಲಿ ೧೮೬೯ರಲ್ಲಿ ಸ್ಥಾಪಿಸಿದನು. ಭಾರತದಲ್ಲಿ ಬೀಜ ಕಾಯಿದೆಯು ೧೯೬೬ರಲ್ಲಿ ಅಂಗೀಕೃತವಾಯಿತು. ನಮ್ಮ ದೇಶದ ಪ್ರಮಾಣೀಕರಣದ ಮಾನದಂಡದಂತೆ ಭತ್ತದಲ್ಲಿ ನೂರಕ್ಕೆ ೮೦, ರಾಗಿಯಲ್ಲಿ ೭೫, ಟೊಮ್ಯಾಟೊದಲ್ಲಿ ೭೦, ಹಾಗಲದಲ್ಲಿ ೬೦ ಬೀಜಗಳಾದರೂ ಮೊಳೆಯಬೇಕು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಬಟ್ಟೆಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬೇರು. ಮಣ್ಣಿನಲ್ಲಿ ಕಣ್ಣಿಗೆ ಬೀಳುವುದು, ಬೇರು ಬಂದು ಹಲವು ದಿನಗಳ ಮೇಲೆ ಹೊರಬರುವ ಕುಡಿ. ಬಟ್ಟೆಯಲ್ಲಿ ಬೀಜವು “ಬೇಗ” ಮೊಳೆಯುತ್ತದೆಂಬ ಹೆಗ್ಗಳಿಕೆಯಲ್ಲಿ ಒಂದಂಶವು ಬೇಗ ಕಾಣುವುದಕ್ಕೆ ಸೇರಿದ್ದು. ಎರಡನ್ನೂ ನ್ಯಾಯವಾಗಿ ಹೋಲಿಸಬೇಕಾದರೆ ಮಣ್ಣಿನ ಮೇಲೆ ಎರಡೆಲೆ ಬಿಚ್ಚಿದ ಸಸಿಗಳನ್ನು ಒಂದೇ ದಿನದಂದು ಎಣಿಸಬೇಕು.

ಉಳಿದ ಇಪ್ಪತ್ತು ಬೀಜಗಳು

ಈಗ ನಮ್ಮ ಹಿತ್ತಲಿಗೆ ಹಿಂದಿರುಗೋಣ. ಎತ್ತಿಟ್ಟಿದ್ದ ಇಪ್ಪತ್ತು ಬೀಜಗಳನ್ನು ಎರಡು ತಂಡ ಮಾಡಿದೆವು. ಹತ್ತನ್ನು ಒಂದು ರಾತ್ರಿ ನೆನೆಯಿಸಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಿದ ಪಾತ್ರೆಯಲ್ಲಿ ಇಟ್ಟು, ಬೇರು ಇಣುಕಿದೊಡನೆ ಕುಂಡಕ್ಕೆ ಸಾಗಿಸಿದೆವು. ಉಳಿದ ಹತ್ತನ್ನು ನೆನೆಯಿಸದೆ, ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ ನೇರವಾಗಿ ಊರಿ, ಮಣ್ಣಿನ ಮೇಲ್ಮೈ ಆರಿದಾಗ ಮಾತ್ರ ನೀರು ಕೊಟ್ಟೆವು. ಹದಿನೈದನೆಯ ದಿನ ಎಣಿಸಿದಾಗ ಮೊದಲನೆಯ ತಂಡದಲ್ಲಿ ಏಳು, ಎರಡನೆಯದರಲ್ಲಿ ಆರು ಸಸಿಗಳಿದ್ದವು.

ಏಳು ಮತ್ತು ಆರರ ಅಂತರದಿಂದ ಬಟ್ಟೆಗಾಗಲಿ ಮಣ್ಣಿಗಾಗಲಿ ಜಯಪತ್ರವನ್ನು ಕೊಡಲಾಗದೆಂದು ವಾಚಕರು ಈಗ ತಾವೇ ಹೇಳಬಲ್ಲರು. ಆದರೆ ಇಪ್ಪತ್ತಕ್ಕೆ ಹದಿಮೂರು ಮೊಳೆತ ಮೇಲೆ ಬೀಜವು ಸತ್ತದ್ದೆಂಬ ಮಾತಂತೂ ಬಿದ್ದುಹೋಯಿತು. ನೂರಕ್ಕೆ ೬೦ ಮೊಳೆಯಬಲ್ಲ ಬೀಜಗಳನ್ನು ಹತ್ತು ಊರಿದಾಗ, ಎರಡೋ ಅದಕ್ಕೂ ಕಡಮೆಯೋ ಬರುವುದು ಆಕಸ್ಮಿಕವಾಗಿ ಸುಮಾರು ಎಂಬತ್ತು ಸಲಕ್ಕೊಮ್ಮೆ ನಡೆಯಬಹುದಾದ ಸಂಗತಿ. ಹಿತ್ತಲಿನ ಆ ಮೂಲೆಯು ಕಟ್ಟಡದ ಕೆಲಸದವರು ತುಳಿದು ಗಟ್ಟಿಯಾದ ಜೇಡಿನೆಲ. ಮಳೆ ಬರುತ್ತಿದ್ದರೂ ನಾವು ಅಕ್ಕರೆಯಿಂದ ಬೆಳಗೂ ಸಂಜೆಯೂ ನೀರು ಹೊಯ್ಯುತ್ತಿದ್ದೆವು. ಬೀಜಗಳನ್ನು ಮುಳುಗಿಸಿದವರು ನಾವೇ. ಅಂಗಡಿಯವರಲ್ಲಿ ಜಗಳಕ್ಕೆ ಹೋಗದಿದ್ದುದು ಒಳ್ಳೆಯದಾಯಿತು.

ರೈತರಾಗಲಿ, ತೋಟದ ಹವ್ಯಾಸಿಗಳಾಗಲಿ, ಬಿತ್ತುವ ಹತ್ತು ದಿನಗಳ ಮೊದಲೇ ತಮ್ಮ ಬೀಜದಿಂದ ನೂರನ್ನು ಆರಿಸದೆ ಎಣಿಸಿ ತೆಗೆದು, ಒದ್ದೆ ಬಟ್ಟೆಯ ಸುರುಳಿಯಲ್ಲಿ ಮೊಳೆಯಿಸಿ ನೋಡುವುದು ಸುಲಭವಾದ ಕೆಲಸ. ನೂರಕ್ಕೆ ೮೦ ಮೊಳೆತರೆ ನಿಶ್ಚಿಂತೆ. ೪೦ ಮಾತ್ರ ಮೊಳೆತರೆ ಬೀಜವನ್ನು ಇಮ್ಮಡಿ ಬಿತ್ತಬೇಕು, ಇಲ್ಲವೆ ಬದಲಾಯಿಸಬೇಕು. ಆ ನಿರ್ಧಾರಕ್ಕೆ ಇನ್ನೂ ಸಮಯವಿರುತ್ತದೆ. ಹೊಲದಲ್ಲಿ ತಿಳಿದುಬಂದರೆ ಸಮಯವಿರುವುದಿಲ್ಲ. ಉಳಿಸಿದ ಬೀಜದ ವಿಷಯದಲ್ಲಿ ಹ್ಯಾರಿಂಗ್‌ಟನ್ ಎಂಬ ವಿಜ್ಞಾನಿಯ ಸ್ಥೂಲ ನಿಯಮವನ್ನು ನೆನಪಿಡಬಹುದು: ಬೀಜದ ನೀರಿನ ಅಂಶವು ನೂರಕ್ಕೆ ಒಂದರಷ್ಟು ಕಡಮೆಯಾದರೆ ಅದರ ಆಯುಸ್ಸು ಇಮ್ಮಡಿಯಾಗುತ್ತದೆ, ಇಡುವ ಸ್ಥಳದ ಉಷ್ಣತೆಯು ೫ ಡಿಗ್ರಿ ಇಳಿದರೆ ಮತ್ತೆ ಇಮ್ಮಡಿಯಾಗುತ್ತದೆ. ಬೂದಿಯೊಡನೆ ಬೆರೆಸಿ, ಚೆನ್ನಾಗಿ ಒಣಗಿಸಿ, ತಂಪಾದ ಮೂಲೆಯಲ್ಲಿ ಮಡಕೆಯಲ್ಲಿಡುತ್ತಿದ್ದ ನಮ್ಮ ಹಿರಿಯರು ಈ ನಿಯಮವನ್ನು ಬಾಯಲ್ಲಿ ಹೇಳದೆ ಕೈಯಲ್ಲಿ ನಡೆಸುತ್ತಿದ್ದರು.

ಮದುವೆಯಲ್ಲಿಯೂ ದೇವಾಲಯದ ಉತ್ಸವದಲ್ಲಿಯೂ ಅಂಕುರಾರ್ಪಣವೆಂಬ ವಿಧಿಯುಂಟು. ಮಣ್ಣಿನ ಪಾಲಿಕೆಗಳಲ್ಲಿ ನವಧಾನ್ಯಗಳನ್ನು ಬಿತ್ತಿ, ಅವು ಹಸನಾಗಿ ಮೊಳೆಯುವುದನ್ನು ಶುಭವೆಂದು ಬಗೆಯುತ್ತಾರೆ. ಒಂಬತ್ತು ಬಗೆಯ ಕಾಳುಗಳು, ಒಂದೇ ಮಣ್ಣು, ಒಂದೇ ನೀರು. ಆದರೂ ಒಂದು ಬೇಗ, ಒಂದು ತಡ, ಒಂದು ಮೊಳೆಯದೆಯೂ ಉಳಿದೀತು. ಪ್ರತಿಯೊಂದು ಬೀಜಕ್ಕೂ ಅದರದೇ ಆದ ಹದವಿದೆ. ನಮ್ಮ ಸಲಹೆಗಾರರಲ್ಲಿ ಮೊದಲ ನಾಲ್ವರೂ ತಂತಮ್ಮ ಬೀಜಕ್ಕೆ, ತಂತಮ್ಮ ಋತುವಿಗೆ ಸರಿಯಾದ ಮಾತನ್ನೇ ಆಡಿದ್ದರು. ಯಾವ ವಿಧಾನವೂ ಸತ್ತ ಬೀಜಕ್ಕೆ ಜೀವವನ್ನು ತುಂಬಲಾರದು. ಜೀವವಿರುವ ಬೀಜವನ್ನು ಕೊಲ್ಲದಿರುವುದೇ ಒಳ್ಳೆಯ ವಿಧಾನದ ಲಕ್ಷಣ. ಅಷ್ಟನ್ನು ನಾವು ಮಾಡಿದರೆ ಉಳಿದುದನ್ನು ಬೀಜವೇ ಮಾಡಿಕೊಳ್ಳುತ್ತದೆ.